ನಿರಾಶ್ರಿತರ ಆಶ್ರಯ ಕೇಂದ್ರದ ನಿರ್ವಹಣೆಗೆ ಟೆಂಡರ್ ಕರೆಯಲೇಬೇಕೇ? ಅನುದಾನ, ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ), ಫಲಿತಾಂಶ ಆಧಾರಿತ ಪಾವತಿ ಇವುಗಳಲ್ಲಿ ಯಾವುದು ಉಳಿದ ದಾರಿ?

ಆಶ್ರಯ_ಕಾರ್ಯದರ್ಶಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಧ್ಯ ಕರ್ನಾಟಕದ ನಗರವೊಂದರಲ್ಲಿ ನಮ್ಮ ಟ್ರಸ್ಟ್ ಸ್ಥಳೀಯ ಸಂಸ್ಥೆಗೆ ಸೇರಿದ ಕಟ್ಟಡದಲ್ಲಿ ನಿರಾಶ್ರಿತರ ಆಶ್ರಯ ಕೇಂದ್ರವನ್ನು ನಡೆಸುತ್ತಿದೆ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಂತೆ ಒಡಂಬಡಿಕೆ ಮಾಡಿಕೊಂಡು ನಿರ್ವಹಣೆಯನ್ನು ವಹಿಸಿಕೊಂಡಿದ್ದೆವು. ಆ ಮಾರ್ಗಸೂಚಿ ನಿರ್ವಹಣಾ ನೆರವನ್ನು ಐದು ವರ್ಷಗಳಿಗೆ ಸೀಮಿತಗೊಳಿಸಿರುವುದರಿಂದ, ಅವಧಿ ಮುಗಿದ ಮೇಲೆ ಖರ್ಚು ಸ್ಥಳೀಯ ಸಂಸ್ಥೆಯ ಸ್ವಂತ ನಿಧಿಯ ಮೇಲೆ ಬಿದ್ದಿದೆ. ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆಂಬ ಕಾರಣ ನೀಡಿ, ಒಡಂಬಡಿಕೆಯನ್ನು ಇನ್ನು ನವೀಕರಿಸಲಾಗದು, ಸಾರ್ವಜನಿಕ ಖರೀದಿಗೆ ಅನ್ವಯಿಸುವ ಕೆಟಿಪಿಪಿ ಕಾಯ್ದೆಯಡಿ ಟೆಂಡರ್ ಕರೆಯುವುದೊಂದೇ ದಾರಿ ಎಂದು ಈಗ ತಿಳಿಸಿದ್ದಾರೆ.

ಟೆಂಡರ್ ಕರಡನ್ನು ಓದಿದಾಗ ಚಿಂತೆ ಹೆಚ್ಚಾಯಿತು. ಮೇಲ್ವಿಚಾರಕರು, ಆರೈಕೆದಾರರು, ಅಡುಗೆಯವರು, ಸ್ವಚ್ಛತಾ ಸಿಬ್ಬಂದಿ ಇವರ ಸಂಖ್ಯೆಯನ್ನು ನಮೂದಿಸಿ, ಅವರ ವೇತನದ ಮೇಲೆ ಯಾರು ಅತಿ ಕಡಿಮೆ ಸೇವಾ ಶುಲ್ಕ ನಮೂದಿಸುತ್ತಾರೋ ಅವರಿಗೇ ಕಾರ್ಯಾದೇಶ ಎಂದಿದೆ. ಬಸ್ ನಿಲ್ದಾಣದಲ್ಲಿ ಮಲಗಿದ್ದ ಮಾನಸಿಕ ಅಸ್ವಸ್ಥರನ್ನು ಮಾತನಾಡಿಸಿ ಕರೆತರುವುದು, ಆಧಾರ್ ಮತ್ತು ಪಿಂಚಣಿ ಮಾಡಿಸಿಕೊಡುವುದು, ಊರಿನ ಕುಟುಂಬವನ್ನು ಪತ್ತೆಹಚ್ಚುವುದು, ಇವುಗಳ ಪ್ರಸ್ತಾಪ ಎಲ್ಲಿಯೂ ಇಲ್ಲ. ಕಾವಲುಗಾರರನ್ನು ಒದಗಿಸುವ ಹೊರಗುತ್ತಿಗೆ ಏಜೆನ್ಸಿಯೊಂದು ಶೂನ್ಯ ಸೇವಾ ಶುಲ್ಕ ನಮೂದಿಸಿದರೆ ನಾವು ಹೊರಗೆ ನಿಲ್ಲಬೇಕಾಗುತ್ತದೆ. ಜೊತೆಗೆ, ಮೂರು ವರ್ಷಗಳ ವಹಿವಾಟಿನ ಷರತ್ತು ಮತ್ತು ಇಎಂಡಿ (ಬಿಡ್ ಜೊತೆ ಇಡಬೇಕಾದ ಠೇವಣಿ) ಮೊತ್ತ ಎರಡೂ ನಮ್ಮ ಕೈಗೆಟುಕುವಂತಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ಇಂತಹ ಸೇವೆಗೆ ಟೆಂಡರ್ ನಿಜಕ್ಕೂ ಕಡ್ಡಾಯವೇ? ಕಡ್ಡಾಯವಾದರೆ, ದರವೊಂದನ್ನೇ ನೋಡಬೇಕೆಂದು ಕಾನೂನು ಹೇಳುತ್ತದೆಯೇ? ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ (ಸಾಮಾಜಿಕ ಸಂಸ್ಥೆಗಳು ಹಣ ಎತ್ತುವ ಷೇರುಪೇಟೆ ವಿಭಾಗ), ಇಂಪ್ಯಾಕ್ಟ್ ಬಾಂಡ್ (ಹೂಡಿಕೆದಾರರು ಮುಂಗಡ ಹಣ ಹಾಕಿ, ಫಲಿತಾಂಶ ಬಂದರೆ ಮರಳಿ ಪಡೆಯುವ ಏರ್ಪಾಡು) ಎಂದೆಲ್ಲ ಕಾರ್ಯಾಗಾರಗಳಲ್ಲಿ ಕೇಳುತ್ತಿದ್ದೇವೆ. ಅವು ನಮ್ಮಂಥ ಸಣ್ಣ ಸಂಸ್ಥೆಗೆ ದಾರಿಯಾಗಬಲ್ಲವೇ?

ಹಳೇ_ಲೆಕ್ಕಿಗ

ನಾನು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಆಕ್ಷೇಪಣೆ ಬರೆಯುವ ಕಡೆ ಕುಳಿತಿದ್ದವನ ದೃಷ್ಟಿಯಿಂದ ಉತ್ತರಿಸುತ್ತೇನೆ.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999, ಅಂದರೆ ಕೆಟಿಪಿಪಿ ಕಾಯ್ದೆ, ಸರಕು ಮತ್ತು ಕಾಮಗಾರಿಗಳಿಗೆ ಮಾತ್ರವಲ್ಲ, ಸೇವೆಗಳಿಗೂ ಅನ್ವಯಿಸುತ್ತದೆ. ಸ್ಥಳೀಯ ಸಂಸ್ಥೆಗಳೂ ಅದರ ವ್ಯಾಪ್ತಿಯೊಳಗಿವೆ. ಐದನೆಯ ಪ್ರಕರಣದಂತೆ (ಸೆಕ್ಷನ್) ಟೆಂಡರ್ ಇಲ್ಲದೆ ಸಂಗ್ರಹಣೆ, ಅಂದರೆ ಖರೀದಿ, ಮಾಡುವಂತಿಲ್ಲ. ವಿನಾಯಿತಿಗಳೆಲ್ಲ ನಾಲ್ಕನೆಯ ಪ್ರಕರಣದಲ್ಲಿವೆ. ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪ ಅಥವಾ ತುರ್ತು ಸಂದರ್ಭ, ಒಂದೇ ಮೂಲದಿಂದ ಮಾತ್ರ ದೊರೆಯುವ ಸರಕು ಅಥವಾ ಸೇವೆ, ಸಣ್ಣ ಮೊತ್ತದ ಖರೀದಿ, ಕೊನೆಗೆ ಎಲ್ಲರ ಬಾಯಲ್ಲೂ ಇರುವ 4(ಜಿ), ಅಂದರೆ ನಿರ್ದಿಷ್ಟ ಸಂಗ್ರಹಣೆಗೆ ಸರ್ಕಾರವೇ ಅಧಿಸೂಚನೆ ಹೊರಡಿಸಿ ಕೊಡುವ ವಿನಾಯಿತಿ. ಒಂದೇ ಮೂಲ ಎಂದು ಹೇಳಬೇಕಾದರೂ ಮೂವರು ತಜ್ಞರ ಸಮಿತಿ ಪರಿಶೀಲಿಸಿ ಘೋಷಿಸಬೇಕು. ಆ ಮೂವರಲ್ಲಿ ಒಬ್ಬರು ಹೆಸರಾಂತ ಶೈಕ್ಷಣಿಕ ಅಥವಾ ಸಂಶೋಧನಾ ಸಂಸ್ಥೆಯವರು ಇಲ್ಲವೇ ಆ ವಿಷಯದಲ್ಲಿ ಪರಿಣತಿಯುಳ್ಳ ಸ್ವಯಂಸೇವಾ ಸಂಸ್ಥೆಯವರು ಆಗಿರಬೇಕೆಂದು ಕಾಯ್ದೆಯೇ ಹೇಳುತ್ತದೆ. ನಿಮ್ಮ ನಗರದಲ್ಲಿ ನೀವೊಬ್ಬರೇ ಈ ಕೆಲಸ ಮಾಡುತ್ತಿರಬಹುದು. ಆದರೆ ಪಕ್ಕದ ಜಿಲ್ಲೆಯಲ್ಲಿ ಮತ್ತೊಬ್ಬರು ಮಾಡುತ್ತಿದ್ದರೆ ಈ ದಾರಿ ಮುಚ್ಚಿದಂತೆಯೇ. 4(ಜಿ) ವಿನಾಯಿತಿಗೆ ಕಡತ ವಿಧಾನಸೌಧದವರೆಗೆ ಹೋಗಬೇಕು, ಮತ್ತು ಅಲ್ಲಿ ಅದನ್ನು ಹಿಡಿದು ಓಡಾಡುವವರು ಬೇಕು. ಒಂದು ಆಶ್ರಯ ಕೇಂದ್ರಕ್ಕಾಗಿ ಅಷ್ಟು ಶ್ರಮಪಡಿ ಎಂದು ನಾನು ಹೇಳಲಾರೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯವಾದದ್ದು. ನಿಮಗೆ ಬರುವ ಹಣ ಸಹಾಯಾನುದಾನವೋ, ಸೇವೆಯ ಬೆಲೆಯೋ? ಸಂಸ್ಥೆಯೊಂದು ತನ್ನದೇ ಕಾರ್ಯಕ್ರಮ ನಡೆಸುತ್ತಿದ್ದು, ಅದು ಲೋಕಹಿತದ ಕೆಲಸವೆಂದು ಒಪ್ಪಿ ಸರ್ಕಾರ ಒಂದು ಪಾಲು ನೆರವು ಕೊಟ್ಟರೆ ಅದು ಅನುದಾನ. ಅದಕ್ಕೆ ಟೆಂಡರ್ ಬೇಕಿಲ್ಲ. ಬೇಕಾದದ್ದು ಆಯವ್ಯಯದಲ್ಲಿ ಲೆಕ್ಕಶೀರ್ಷಿಕೆ, ಕೊಡುವವರಿಗೆ ಕಾನೂನಿನ ಅಧಿಕಾರ, ಅರ್ಹತೆಯ ನಿಯಮ, ಹಣ ಬಳಕೆ ಪ್ರಮಾಣಪತ್ರ, ಉಳಿದ ಹಣದ ಮರುಪಾವತಿ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017 ಅನುದಾನವನ್ನು 228ನೆಯ ನಿಯಮದಿಂದ ಮುಂದಕ್ಕೆ, ಸಂಗ್ರಹಣೆಯಿಂದ ಬೇರೆಯಾದ ಅಧ್ಯಾಯದಲ್ಲಿಯೇ ಇಟ್ಟಿವೆ. ಆದರೆ ಕಟ್ಟಡ ಅವರದು, ಹಾಸಿಗೆಯ ಲೆಕ್ಕ ಅವರದು, ಸಿಬ್ಬಂದಿ ಎಷ್ಟೆಂದು ನಿರ್ಧರಿಸುವವರು ಅವರು, ಪೂರ್ಣ ವೆಚ್ಚ ಅವರದು, ತಪ್ಪಿದರೆ ದಂಡವೂ ಉಂಟು ಎಂದಾದರೆ, ಹಾಳೆಯ ತಲೆಯ ಮೇಲೆ ‘ಒಡಂಬಡಿಕೆ’ ಎಂದು ಬರೆದ ಮಾತ್ರಕ್ಕೆ ಅದು ಅನುದಾನವಾಗದು. ಲೆಕ್ಕಪರಿಶೋಧಕರು ನೋಡುವುದು ವ್ಯವಹಾರದ ಸ್ವರೂಪವನ್ನು. ನಿಮ್ಮ ಅಧಿಕಾರಿಗಳ ಅಂಜಿಕೆ ಆಧಾರವಿಲ್ಲದ್ದಲ್ಲ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಟೆಂಡರ್ ಕರೆಯಬೇಕು ಎಂಬುದು ಬೇರೆ, ದರವನ್ನಷ್ಟೇ ನೋಡಬೇಕು ಎಂಬುದು ಬೇರೆ. ಎರಡು ಲಕೋಟೆ ಪದ್ಧತಿಯಲ್ಲಿ ತಾಂತ್ರಿಕ ಲಕೋಟೆಯಲ್ಲಿ ಅರ್ಹರಾದವರ ದರದ ಲಕೋಟೆಯನ್ನು ಮಾತ್ರ ತೆರೆಯಲಾಗುತ್ತದೆ. ನಿರಾಶ್ರಿತರೊಡನೆ ಕೆಲಸ ಮಾಡಿದ ಅನುಭವ, ಆರೋಗ್ಯ ಇಲಾಖೆಯೊಡನೆ ಸಂಪರ್ಕದ ಏರ್ಪಾಡು, ತರಬೇತಾದ ಆರೈಕೆದಾರರು, ಇವನ್ನು ಅರ್ಹತೆಯ ಷರತ್ತುಗಳನ್ನಾಗಿ ಮಾಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಒಂದು ಸಂಸ್ಥೆಯ ಅಳತೆಗೆ ಹೊಲಿದ ಅಂಗಿಯಂತೆ ಅವು ಕಾಣಬಾರದು, ಅಷ್ಟೇ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸಾಮಾನ್ಯ ಸೂಚನೆಗಳು ಗುಣಮಟ್ಟ ಮತ್ತು ವೆಚ್ಚ ಎರಡನ್ನೂ ತೂಗುವ ಪದ್ಧತಿಯನ್ನು ಸಲಹಾ ಸೇವೆಗಳಾಚೆಗೂ ವಿಸ್ತರಿಸಿ, ಅಲ್ಲಿ ಗುಣಮಟ್ಟಕ್ಕೆ ಗರಿಷ್ಠ ಶೇ 30ರ ತೂಕ ಕೊಡಲು ಅವಕಾಶ ನೀಡಿವೆ. ಅದೇ ಸಚಿವಾಲಯ ಶೂನ್ಯ ಸೇವಾ ಶುಲ್ಕ ನಮೂದಿಸಿದ ಬಿಡ್ ಅನ್ನು ಪರಿಗಣಿಸಬಾರದೆಂದು 2014ರಲ್ಲಿಯೇ ಸೂಚಿಸಿದೆ. ಇವು ರಾಜ್ಯದ ಸ್ಥಳೀಯ ಸಂಸ್ಥೆಯನ್ನು ನೇರವಾಗಿ ಕಟ್ಟಿಹಾಕುವುದಿಲ್ಲ. ಆದರೆ ಕರಡು ತಿದ್ದುವಂತೆ ಕೇಳುವಾಗ ಉಲ್ಲೇಖಿಸಲು ಯೋಗ್ಯವಾದ ಆಧಾರಗಳು.

ಹೊಸಹೆಜ್ಜೆ_ಬಳಗ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಟೆಂಡರ್ ಎಂದೊಡನೆ ಸ್ವಯಂಸೇವಾ ವಲಯದಲ್ಲಿ ಏಳುವ ಅಸಮಾಧಾನವನ್ನು ಪೂರ್ತಿ ಒಪ್ಪಲಾರೆ. ನಮ್ಮದು ಹೊಸ ಸಂಸ್ಥೆ. ನಮ್ಮ ಜಿಲ್ಲೆಯಲ್ಲಿ ವೃದ್ಧರ ಹಗಲು ಕೇಂದ್ರ, ಮಕ್ಕಳ ತೆರೆದ ತಂಗುದಾಣ, ಬುದ್ಧಿಮಾಂದ್ಯರ ಶಾಲೆ ಎಲ್ಲವೂ ಮೊದಲು ಪಡೆದವರ ಕೈಯಲ್ಲಿಯೇ ಉಳಿದಿವೆ. ಒಡಂಬಡಿಕೆಗಳು ಯಾವಾಗ ನವೀಕರಣವಾಗುತ್ತವೆ, ಯಾವ ಆಧಾರದ ಮೇಲೆ, ಎಂಬುದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ಮಾಹಿತಿ ಹಕ್ಕಿನಡಿ ಕೇಳಿದ ಮೇಲೆ ನಮಗೆ ಕೆಲವು ಕಡತಗಳು ನೋಡಲು ಸಿಕ್ಕವು. ಸೇವಾ ಮನೋಭಾವದ ಹೆಸರಿನಲ್ಲಿ ನಡೆಯುವ ಆಯ್ಕೆಯೂ ಪಕ್ಷಪಾತದ ಆಯ್ಕೆಯಾಗಬಲ್ಲದು.

ಹಾಗಾಗಿ ಬೇಕಾದದ್ದು ಸ್ಪರ್ಧೆಯಿಂದ ವಿನಾಯಿತಿ ಅಲ್ಲ, ಸ್ಪರ್ಧೆಯ ಅಳತೆಗೋಲಿನ ಬದಲಾವಣೆ ಎಂದು ನನಗೆ ತೋರುತ್ತದೆ. ಪೌಷ್ಟಿಕ ಆಹಾರದ ವಿಷಯದಲ್ಲಿ ಸುಪ್ರೀಂ ಕೋರ್ಟ್ ಹಿಡಿದ ದಾರಿಯನ್ನು ಗಮನಿಸಬೇಕು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಆಹಾರದ ಹಕ್ಕಿನ ಪ್ರಕರಣದಲ್ಲಿ ನ್ಯಾಯಾಲಯ 2004ರ ಅಕ್ಟೋಬರ್ 7ರಂದು, ಅಂಗನವಾಡಿಗಳಿಗೆ ಆಹಾರ ಪೂರೈಸಲು ಗುತ್ತಿಗೆದಾರರನ್ನು ಬಳಸಬಾರದು, ಸಾಧ್ಯವಾದಷ್ಟು ಗ್ರಾಮ ಸಮುದಾಯ, ಸ್ವಸಹಾಯ ಗುಂಪು ಮತ್ತು ಮಹಿಳಾ ಮಂಡಲಗಳ ಮೂಲಕ ಹಣ ವ್ಯಯಿಸಬೇಕು ಎಂದು ಆದೇಶಿಸಿತು. ಮುಂದೆ ಮಹಾರಾಷ್ಟ್ರದಲ್ಲಿ ಸ್ವಸಹಾಯ ಗುಂಪುಗಳಿಗೆಂದೇ ಕರೆದ ಟೆಂಡರಿನ ಷರತ್ತುಗಳು ದೊಡ್ಡವರಿಗೆ ಮಾತ್ರ ಹೊಂದುವಂತಿದ್ದಾಗ, 2019ರಲ್ಲಿ ಸುಪ್ರೀಂ ಕೋರ್ಟ್ ಆ ಟೆಂಡರನ್ನೇ ರದ್ದುಪಡಿಸಿತು. ಆ ಆದೇಶಗಳು ಆಶ್ರಯ ಕೇಂದ್ರಗಳಿಗೆ ಅನ್ವಯಿಸುವುದಿಲ್ಲ, ನಿಜ. ಆದರೆ ವಹಿವಾಟಿನ ಷರತ್ತು ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಹೊರಗಿಡುತ್ತದೆ ಎಂಬುದು ನ್ಯಾಯಾಲಯ ಪರಿಶೀಲಿಸಬಹುದಾದ ವಿಷಯ ಎಂಬುದಂತೂ ಅವುಗಳಿಂದ ಸ್ಪಷ್ಟ. ನಿಮ್ಮ ಕರಡಿನಲ್ಲಿ ಮೊದಲು ಪ್ರಶ್ನಿಸಬೇಕಾದದ್ದು ಆ ಷರತ್ತನ್ನೇ. ಅದನ್ನು ಸಡಿಲಿಸಿದರೆ ನಿಮಗೂ ಲಾಭ, ನಮ್ಮಂಥವರಿಗೂ ಲಾಭ.

ನಿಧಿ_ಸಂಯೋಜಕಿ

ಮೂರನೆಯ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ. ಸಂಸ್ಥೆಗಳಿಗೆ ನಿಧಿ ಹೊಂದಿಸುವುದೇ ನನ್ನ ಕೆಲಸ. ಪರ್ಯಾಯ ನಿಧಿ ಎಂದರೆ ಸಂಗ್ರಹಣಾ ಕಾನೂನನ್ನು ಬಳಸಿಹೋಗುವ ಅಡ್ಡದಾರಿ ಎಂಬ ಭಾವನೆ ಹಬ್ಬಿದೆ, ಅದು ಸರಿಯಲ್ಲ. ಕೊನೆಗೆ ಹಣ ತೆರುವವರು ಸರ್ಕಾರವಾದರೆ ಕಾನೂನು ಬಂದೇ ಬರುತ್ತದೆ. ಸರ್ಕಾರವಲ್ಲದಿದ್ದರೆ ಮಾತ್ರ ಬರುವುದಿಲ್ಲ.

ಇಂಪ್ಯಾಕ್ಟ್ ಬಾಂಡ್‌ಗೆ ರಾಜಸ್ಥಾನದ ಭಿಲ್ವಾರಾ ಜಿಲ್ಲೆಯ ಉದಾಹರಣೆಯನ್ನು ನೀವು ಕಾರ್ಯಾಗಾರದಲ್ಲಿ ಕೇಳಿರುತ್ತೀರಿ. ಎಜುಕೇಟ್ ಗರ್ಲ್ಸ್ ಸಂಸ್ಥೆ 2015ರಿಂದ 2018ರವರೆಗೆ ಅಲ್ಲಿ ಹೆಣ್ಣುಮಕ್ಕಳ ದಾಖಲಾತಿ ಮತ್ತು ಮಕ್ಕಳ ಕಲಿಕೆಯ ಮೇಲೆ ಕೆಲಸ ಮಾಡಿತು. ಮುಂಗಡ ಬಂಡವಾಳ ಹಾಕಿದ್ದು ಯುಬಿಎಸ್ ಆಪ್ಟಿಮಸ್ ಫೌಂಡೇಶನ್, ಫಲಿತಾಂಶ ಅಳೆದದ್ದು ಐಡಿಇನ್‌ಸೈಟ್, ಫಲಿತಾಂಶ ಬಂದ ಮೇಲೆ ಹಣ ಕೊಟ್ಟದ್ದು ಬ್ರಿಟನ್‌ನ ಚಿಲ್ಡ್ರನ್ಸ್ ಇನ್ವೆಸ್ಟ್‌ಮೆಂಟ್ ಫಂಡ್ ಫೌಂಡೇಶನ್. ಕಲಿಕೆಯ ಗುರಿಯಲ್ಲಿ ಶೇ 160, ದಾಖಲಾತಿಯ ಗುರಿಯಲ್ಲಿ ಶೇ 116 ಸಾಧನೆಯಾಗಿ ಹೂಡಿಕೆದಾರರಿಗೆ ಅಸಲಿನ ಜೊತೆ ಶೇ 15ರ ಪ್ರತಿಫಲವೂ ಸಿಕ್ಕಿತು. ಇಡೀ ವ್ಯವಹಾರದಲ್ಲಿ ರಾಜಸ್ಥಾನ ಸರ್ಕಾರದ ಖಜಾನೆಯಿಂದ ಫಲಿತಾಂಶಕ್ಕಾಗಿ ಹಣ ಸಂದಾಯವಾಗಲಿಲ್ಲ, ಆದ್ದರಿಂದಲೇ ಟೆಂಡರಿನ ಮಾತು ಬರಲಿಲ್ಲ. ನಿಮ್ಮ ಕೇಂದ್ರಕ್ಕೆ ಅಂತಹ ಹಣದಾತರು ಸಿಕ್ಕರೂ, ಕಾನೂನಿನ ಕರಡು, ಮಧ್ಯವರ್ತಿ, ಸ್ವತಂತ್ರ ಮೌಲ್ಯಮಾಪಕರು, ಇವರ ವೆಚ್ಚವೇ ನಿಮ್ಮ ವಾರ್ಷಿಕ ಖರ್ಚನ್ನು ಮೀರೀತು. ಒಂದೇ ಕೇಂದ್ರಕ್ಕೆ ಅದು ಹೊಂದುವ ಉಡುಪಲ್ಲ.

ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಬಗ್ಗೆ ಹೇಳುವುದಾದರೆ, 2019ರ ಕೇಂದ್ರ ಬಜೆಟ್‌ನಲ್ಲಿ ಪ್ರಸ್ತಾಪವಾಗಿ, 2022ರ ಜುಲೈನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮಾವಳಿ ಬಂದಿತು. ಅಲ್ಲಿ ಬಡ್ಡಿಯೂ ಇಲ್ಲದ, ಅಸಲೂ ಮರಳದ ‘ಝೀರೋ ಕೂಪನ್ ಝೀರೋ ಪ್ರಿನ್ಸಿಪಲ್’ ಪತ್ರಗಳನ್ನು ನೀಡಿ ಹಣ ಎತ್ತಬಹುದು. ಸಾರಾಂಶದಲ್ಲಿ ಅದು ದೇಣಿಗೆಯೇ, ಬಹಿರಂಗ ವರದಿಯ ಕಟ್ಟುಪಾಡು ಮಾತ್ರ ಹೆಚ್ಚು. ಮೊದಲು ಪಟ್ಟಿಯಾದದ್ದು ನಮ್ಮ ಬೆಂಗಳೂರಿನ ಉನ್ನತಿ ಫೌಂಡೇಶನ್, 2023ರ ಡಿಸೆಂಬರ್‌ನಲ್ಲಿ. ನೋಂದಣಿಗೆ ಸಂಸ್ಥೆಗೆ ಮೂರು ವರ್ಷವಾದರೂ ಆಗಿರಬೇಕು, ಹಿಂದಿನ ಹಣಕಾಸು ವರ್ಷದಲ್ಲಿ ಕನಿಷ್ಠ 50 ಲಕ್ಷ ರೂಪಾಯಿ ವೆಚ್ಚವಾಗಿರಬೇಕು, ಕನಿಷ್ಠ 10 ಲಕ್ಷ ರೂಪಾಯಿ ನಿಧಿ ಬಂದಿರಬೇಕು. ಬಹುಪಾಲು ಆಶ್ರಯ ಕೇಂದ್ರಗಳ ಸಂಸ್ಥೆಗಳು ಮೊದಲ ಹೊಸ್ತಿಲಲ್ಲೇ ಎಡವುತ್ತವೆ.

ಉಳಿದದ್ದು ಸಿಎಸ್‌ಆರ್. ಕಂಪನಿಗಳ ಕಾಯ್ದೆ 2013ರ 135ನೆಯ ಪ್ರಕರಣದಡಿ ಬರುವ ಈ ಹಣಕ್ಕೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿಗಳ (1961ರ ಕಾಯ್ದೆಯಲ್ಲಿ 12ಎ, 80ಜಿ) ಜೊತೆಗೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಬೇಕು. ಆಡಳಿತ ವೆಚ್ಚ ಶೇ 5 ಮೀರಬಾರದು ಎಂದು ಹಲವು ಕಂಪನಿಯವರು ನಮ್ಮ ಸಿಬ್ಬಂದಿಯ ಸಂಬಳವನ್ನೇ ಕತ್ತರಿಸಲು ಬರುತ್ತಾರೆ. ಆ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತಕ್ಕೆ ಸಂಬಂಧಿಸಿದ್ದೇ ಹೊರತು ಕೆಲಸ ಮಾಡುವ ಸಂಸ್ಥೆಯ ವೆಚ್ಚಕ್ಕಲ್ಲ ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವೇ ಸ್ಪಷ್ಟಪಡಿಸಿದೆ. ಆದರೆ ಮುಂದುವರಿಯುವ ಯೋಜನೆಗೂ ಆರಂಭದ ವರ್ಷ ಬಿಟ್ಟು ಮೂರು ವರ್ಷಗಳ ಮಿತಿಯಿದೆ. ಜನ ಪ್ರತಿ ರಾತ್ರಿ ಬರುವ ಕೇಂದ್ರವನ್ನು ಅದರ ಮೇಲೆಯೇ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ರಾಜ್ಯದಲ್ಲಿ ಬಾಳಿಕೆ ಬಂದದ್ದು ವೆಚ್ಚ ಹಂಚಿಕೆಯ ಮಾದರಿ. ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಸರ್ಕಾರ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ವಹಿಸಿದಾಗ ವೆಚ್ಚದ ಒಂದು ಪಾಲನ್ನು ಟ್ರಸ್ಟ್ ಹೊತ್ತುಕೊಂಡಿತು. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳಲ್ಲಿ ಊಟ ಬಡಿಸಲು ಆರಂಭಿಸಿದ ಅಕ್ಷಯ ಪಾತ್ರ, ಮುಂದೆ ಸರ್ಕಾರದ ಧಾನ್ಯ ಮತ್ತು ಅಡುಗೆ ವೆಚ್ಚದ ಮೇಲೆ ದೇಣಿಗೆ ಸೇರಿಸಿ ನಡೆಯಿತು. ಸಂಸ್ಥೆ ತನ್ನ ಪಾಲು ತರುವುದರಿಂದಲೇ ಇಂತಹ ಏರ್ಪಾಡನ್ನು ಅನುದಾನವೆಂದು ಸಮರ್ಥಿಸಲು ಸಾಧ್ಯವಾಗುತ್ತದೆ; ಹಳೇ_ಲೆಕ್ಕಿಗ ಅವರು ಹೇಳಿದ ವ್ಯತ್ಯಾಸವೂ ಇದೇ.

ಬರ್ಮಿಂಗ್‌ಹ್ಯಾಮ್_ಕನ್ನಡಿಗ

ಇಂಗ್ಲೆಂಡಿನ ಒಂದು ಸ್ಥಳೀಯ ಆಡಳಿತದಲ್ಲಿ ಸಾಮಾಜಿಕ ಸೇವೆಗಳ ಖರೀದಿ ವಿಭಾಗದಲ್ಲಿದ್ದೇನೆ. ಇಲ್ಲಿಯ ಅನುಭವವನ್ನು ಮಾದರಿಯೆಂದು ಹೇಳುತ್ತಿಲ್ಲ, ಹೋಲಿಕೆಗೆ ಮಾತ್ರ.

ಯುರೋಪಿನ ಒಕ್ಕೂಟ 2014ರ ಸಂಗ್ರಹಣಾ ನಿರ್ದೇಶನದಲ್ಲಿ ಆರೋಗ್ಯ ಮತ್ತು ಸಾಮಾಜಿಕ ಸೇವೆಗಳನ್ನು ಬೇರೆಯಾಗಿ ಇಟ್ಟು, 7,50,000 ಯೂರೋ ಮೀರಿದ ಗುತ್ತಿಗೆಗಳಿಗೆ ಮಾತ್ರ, ಅದೂ ಹಗುರವಾದ ನಿಯಮಗಳನ್ನು ವಿಧಿಸಿತು. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ ಮಾಡಿಕೊಂಡ ಸಂಗ್ರಹಣಾ ಕಾಯ್ದೆ 2023 2025ರ ಫೆಬ್ರುವರಿ 24ರಿಂದ ಜಾರಿಯಲ್ಲಿದ್ದು, ಅದೂ ಈ ವಿಭಾಗವನ್ನು ಉಳಿಸಿಕೊಂಡಿದೆ. ಇಲ್ಲಿಯ ಮಿತಿ 6,63,540 ಪೌಂಡ್. ಯುರೋಪಿನ ನಿರ್ದೇಶನದ 77ನೆಯ ವಿಧಿ, ಲಾಭವನ್ನು ಸೇವೆಗೇ ಮರಳಿಸುವ ಸಂಸ್ಥೆಗಳಿಗೆ ಕೆಲವು ಗುತ್ತಿಗೆಗಳನ್ನು ಮೀಸಲಿಡಲು ಅವಕಾಶ ಕೊಡುತ್ತದೆ. ಆದರೆ ಅವಧಿ ಮೂರು ವರ್ಷ ಮೀರಬಾರದು, ಹಿಂದಿನ ಮೂರು ವರ್ಷಗಳಲ್ಲಿ ಅದೇ ವಿಧಿಯಡಿ ಅದೇ ಸೇವೆಗೆ ಗುತ್ತಿಗೆ ಪಡೆದವರಿಗೆ ಮತ್ತೆ ಕೊಡಬಾರದು. ಹೊಸಹೆಜ್ಜೆ ಬಳಗದವರು ಎತ್ತಿದ ಆಕ್ಷೇಪಕ್ಕೆ ಇದು ಒಂದು ಬಗೆಯ ಉತ್ತರ. ಕರ್ನಾಟಕದ ಕಾಯ್ದೆಯಲ್ಲಿ ಪರಿಶಿಷ್ಟರಿಗೆ ಕಾಮಗಾರಿಗಳ ಮೀಸಲಾತಿ ಬಂದಿರುವಾಗ, ಲಾಭರಹಿತ ಸಂಸ್ಥೆಗಳಿಗೆ ಸಾಮಾಜಿಕ ಸೇವೆಗಳ ಒಂದು ಪಾಲನ್ನು ಮೀಸಲಿಡುವುದು ತತ್ತ್ವತಃ ಅಸಾಧ್ಯವೇನಲ್ಲ. ಅದಕ್ಕೆ ಶಾಸಕಾಂಗ ಮನಸ್ಸು ಮಾಡಬೇಕು.

ಇಂಪ್ಯಾಕ್ಟ್ ಬಾಂಡ್ ಹುಟ್ಟಿದ್ದೂ ಇಲ್ಲಿಯೇ. ಪೀಟರ್‌ಬರೋ ಸೆರೆಮನೆಯಿಂದ ಬಿಡುಗಡೆಯಾದ ಅಲ್ಪಾವಧಿ ಕೈದಿಗಳ ಮರು ಅಪರಾಧ ತಗ್ಗಿಸಲು 2010ರಲ್ಲಿ ಆರಂಭವಾದ ಯೋಜನೆಯಲ್ಲಿ ಶೇ 7.5ರ ಇಳಿಕೆ ಗುರಿಯಾಗಿತ್ತು, 2017ರ ಅಂತಿಮ ಫಲಿತಾಂಶದಲ್ಲಿ ಶೇ 9ರಷ್ಟು ಇಳಿಕೆ ಕಂಡುಬಂದು ಹೂಡಿಕೆದಾರರಿಗೆ ಹಣ ಮರಳಿತು. ಆದರೂ ಸರ್ಕಾರ ನಡುವೆ ಬಿಡುಗಡೆಯಾದವರ ಮೇಲ್ವಿಚಾರಣೆಯ ಇಡೀ ಪ್ರೊಬೇಷನ್ ವ್ಯವಸ್ಥೆಯನ್ನೇ ಬದಲಿಸಿದ್ದರಿಂದ ಯೋಜನೆ ಮೂಲ ರೂಪದಲ್ಲಿ ಕೊನೆಯವರೆಗೆ ನಡೆಯಲಿಲ್ಲ. ಫಲಿತಾಂಶ ಬಂದರೆ ಸಾಕು, ಉಳಿದದ್ದು ತಾನಾಗಿ ನಡೆಯುತ್ತದೆ ಎಂದು ನಂಬಿದವರಿಗೆ ನಾನು ಈ ಪ್ರಸಂಗವನ್ನು ಹೇಳುತ್ತಿರುತ್ತೇನೆ.

ಆಶ್ರಯ_ಕಾರ್ಯದರ್ಶಿ

ಎಲ್ಲರಿಗೂ ಕೃತಜ್ಞತೆಗಳು. ಬಾಂಡ್ ಮತ್ತು ಎಕ್ಸ್‌ಚೇಂಜ್ ಆಸೆಯನ್ನು ಬಿಟ್ಟೆವು. ವೆಚ್ಚ ಹಂಚಿಕೆಯ ಪ್ರಸ್ತಾವವನ್ನು ಸಲ್ಲಿಸಬಹುದಾದರೂ ಅಧಿಕಾರಿಗಳು ಟೆಂಡರಿನ ನಿರ್ಧಾರದಿಂದ ಹಿಂದೆ ಸರಿಯುವ ಲಕ್ಷಣವಿಲ್ಲ. ಟೆಂಡರ್ ಪೂರ್ವ ಸಭೆಗೆ ಬರುವಂತೆ ತಿಳಿಸಿದ್ದಾರೆ. ಹಳೇ_ಲೆಕ್ಕಿಗ ಸರ್, ಅಲ್ಲಿ ಏನನ್ನು ಕೇಳಬೇಕು? ಗುತ್ತಿಗೆಯಾದರೆ ಜಿಎಸ್‌ಟಿ ಬೀಳುತ್ತದೆಯೇ ಎಂಬ ಭಯವೂ ಇದೆ. ಹಿಂದಿನ ಒಡಂಬಡಿಕೆಯಲ್ಲಿ ಬಿಲ್ಲುಗಳು ತಿಂಗಳುಗಟ್ಟಲೆ ಬಾಕಿ ಉಳಿದು, ಅಡುಗೆಯವರ ಸಂಬಳಕ್ಕೆ ಟ್ರಸ್ಟಿಗಳು ಕೈಯಿಂದ ಹಾಕಬೇಕಾಗಿ ಬಂದಿತ್ತು ಎಂಬುದನ್ನೂ ಸೇರಿಸುತ್ತೇನೆ.

ಹಳೇ_ಲೆಕ್ಕಿಗ

ಸಭೆಯಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. ಆಕ್ಷೇಪಗಳನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ, ನಡವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.

ಮೊದಲನೆಯದಾಗಿ, ದರದ ಸ್ಪರ್ಧೆಯನ್ನೇ ತೆಗೆಯಲು ಸಾಧ್ಯವೇ ಎಂದು ಕೇಳಿ. ವಾರ್ಷಿಕ ಮೊತ್ತವನ್ನು ಸ್ಥಳೀಯ ಸಂಸ್ಥೆಯೇ ನಿಗದಿಪಡಿಸಿ, ಆ ಮೊತ್ತಕ್ಕೆ ಯಾರು ಹೆಚ್ಚು ಸೇವೆ ಕೊಡುತ್ತಾರೆ ಎಂದು ತೂಗುವ ನಿಗದಿತ ಬಜೆಟ್ ಆಯ್ಕೆಯ ವಿಧಾನ ಕೇಂದ್ರದ 2021ರ ಸೂಚನೆಗಳಲ್ಲಿ ಸಲಹಾ ಸೇವೆಗಳಿಗೆ ಇದೆ. ಆಶ್ರಯ ಕೇಂದ್ರ ಸಲಹಾ ಸೇವೆಯಲ್ಲ ಎಂದು ಅವರು ತಳ್ಳಿಹಾಕಬಹುದು. ಹಾಗಾದರೆ ಕನಿಷ್ಠ ವೇತನ, ಪಿಎಫ್, ಇಎಸ್‌ಐ ಇವುಗಳನ್ನು ಸ್ಪರ್ಧೆಯ ಹೊರಗಿಟ್ಟು, ಸೇವಾ ಶುಲ್ಕಕ್ಕೆ ಕನಿಷ್ಠ ಮಿತಿ ಇಡುವಂತೆ ಕೇಳಿ. ಶೂನ್ಯ ಶುಲ್ಕಕ್ಕೆ ಒಪ್ಪುವವರು ಸಿಬ್ಬಂದಿಯ ಸಂಬಳದಲ್ಲಿಯೋ, ಅನ್ನದ ಪಾತ್ರೆಯಲ್ಲಿಯೋ ಆ ಹಣವನ್ನು ಹುಡುಕಿಕೊಳ್ಳುತ್ತಾರೆ. ನಾನು ನೋಡಿದ ಹೊರಗುತ್ತಿಗೆ ಕಡತಗಳಲ್ಲಿ ಪಿಎಫ್ ಚಲನ್‌ಗಳ ಪರಿಶೀಲನೆಯಲ್ಲಿಯೇ ಇದು ಹೊರಬರುತ್ತಿತ್ತು.

ವಹಿವಾಟಿನ ಷರತ್ತು ಗುತ್ತಿಗೆಯ ಮೊತ್ತಕ್ಕೆ ಅನುಗುಣವಾಗಿರಲಿ ಎಂದೂ, ಅನುಭವವನ್ನು ರೂಪಾಯಿಯಲ್ಲಿ ಅಲ್ಲ, ನಿರಾಶ್ರಿತರ ಅಥವಾ ಅಂತಹುದೇ ವಸತಿ ಸೇವೆ ನಡೆಸಿದ ವರ್ಷಗಳಲ್ಲಿ ಅಳೆಯಲಿ ಎಂದೂ ಬರೆಯಿರಿ. ಕೆಲಸದ ವ್ಯಾಪ್ತಿಯಲ್ಲಿ ನೀವು ಹೇಳಿದ ರಾತ್ರಿ ಗಸ್ತು, ಗುರುತಿನ ದಾಖಲೆ, ಆಸ್ಪತ್ರೆಗೆ ಸೇರಿಸುವಿಕೆ, ಕುಟುಂಬದ ಮರುಸಂಪರ್ಕ ಇವು ಸೇರದಿದ್ದರೆ ಮುಂದೆ ಯಾರೇ ಗೆದ್ದರೂ ಅವನ್ನು ಮಾಡಬೇಕಾದ ಹೊಣೆ ಇರುವುದಿಲ್ಲ. ನೀವೇ ಗೆದ್ದರೂ ಅವುಗಳ ವೆಚ್ಚಕ್ಕೆ ಬಿಲ್ ಹಾಕಲಾಗದು.

ಪಾವತಿಯ ಷರತ್ತಿನ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಹಟ ಹಿಡಿಯಿರಿ. ಬಿಲ್ ಸಲ್ಲಿಸಿದ ಎಷ್ಟು ದಿನಗಳೊಳಗೆ ಪಾವತಿ, ವಿವಾದಿತ ಭಾಗವನ್ನು ಮಾತ್ರ ತಡೆಹಿಡಿದು ಉಳಿದದ್ದನ್ನು ಬಿಡುಗಡೆ ಮಾಡುವುದು, ಆರಂಭದಲ್ಲಿ ಬ್ಯಾಂಕ್ ಖಾತರಿಯ ಮೇಲೆ ಮುಂಗಡ, ಈ ಮೂರೂ ಟೆಂಡರ್ ದಾಖಲೆಯಲ್ಲಿಯೇ ಇರಬೇಕು. ಕಾರ್ಯಾದೇಶ ಬಂದ ಮೇಲೆ ಸೇರಿಸಲಾಗದು. ನಿಧಿ ಸಂಯೋಜಕಿಯವರು ಹೇಳಿದ ಸಿಎಸ್‌ಆರ್ ಹಣ ನಿಮಗೆ ಉಪಯೋಗವಾಗುವುದಿದ್ದರೆ ಹಾಸಿಗೆ, ಸೌರ ನೀರಿನ ಬಿಸಿಕಾರಕ, ಆ್ಯಂಬುಲೆನ್ಸ್‌ನಂತಹ ಒಮ್ಮೆಯ ಖರ್ಚಿಗೆ. ತಿಂಗಳ ಸಂಬಳಕ್ಕೆ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಜಿಎಸ್‌ಟಿ ವಿಷಯದಲ್ಲಿ: ಸಂವಿಧಾನದ 243ಡಬ್ಲ್ಯು ವಿಧಿಯಡಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಿದ ಕಾರ್ಯಗಳಿಗೆ ಸಂಬಂಧಿಸಿ ಅವುಗಳಿಗೆ ನೀಡುವ, ಸರಕು ಸೇರದ ಶುದ್ಧ ಸೇವೆಗೆ 2017ರ 12ನೆಯ ಅಧಿಸೂಚನೆಯಲ್ಲಿ ವಿನಾಯಿತಿಯಿದೆ. ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ನಗರ ಬಡತನ ನಿವಾರಣೆ ಮತ್ತು ದುರ್ಬಲ ವರ್ಗಗಳ ಹಿತರಕ್ಷಣೆ ಎರಡೂ ಸೇರಿವೆ. ಆದರೆ ಊಟದ ಸಾಮಗ್ರಿಯನ್ನೂ ನೀವೇ ಪೂರೈಸುವುದಾದರೆ ಅದು ಶುದ್ಧ ಸೇವೆಯೇ ಎಂಬ ಪ್ರಶ್ನೆ ಏಳುತ್ತದೆ. ಬಿಡ್‌ಗೆ ಮುನ್ನ ತೆರಿಗೆ ಸಲಹೆಗಾರರಿಗೆ ಕರಡನ್ನು ತೋರಿಸಿ, ಹಾಗೂ ದರ ತೆರಿಗೆ ಸಹಿತವೋ ರಹಿತವೋ ಎಂದು ಸಭೆಯಲ್ಲಿ ಲಿಖಿತ ಸ್ಪಷ್ಟನೆ ಪಡೆಯಿರಿ.

ಇಷ್ಟಾಗಿಯೂ ಕೈತಪ್ಪಿ, ಆಯ್ಕೆಯಲ್ಲಿ ಲೋಪ ಕಂಡರೆ, ಟೆಂಡರ್ ಅಂಗೀಕಾರದ ಆದೇಶದ ವಿರುದ್ಧ ಕೆಟಿಪಿಪಿ ಕಾಯ್ದೆಯ 16ನೆಯ ಪ್ರಕರಣದಡಿ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಸಭೆಯಲ್ಲಿ ಎತ್ತದ ಆಕ್ಷೇಪವನ್ನು ಮೇಲ್ಮನವಿಯಲ್ಲಿ ಹೊಸದಾಗಿ ಎತ್ತಿದರೆ ಅದಕ್ಕೆ ತೂಕ ಕಡಿಮೆ. ಆದ್ದರಿಂದ ಪತ್ರವನ್ನು ಸಭೆಗೆ ಮುನ್ನವೇ ಸಿದ್ಧಪಡಿಸಿ, ಬೇಕಿದ್ದರೆ ಇಲ್ಲಿ ಹಾಕಿ, ನೋಡಿ ತಿದ್ದಿಕೊಡುತ್ತೇನೆ.